ಲಾಗಿನ್ ಪರದೆಯಿಂದಲೇ ಎನ್‌ವಿಡಿಎ ತಾನಾಗಿ ಮಾತನಾಡುವಂತೆ ಮಾಡುವುದು ಹೇಗೆ?

ಹಾವೇರಿ ಮೇಷ್ಟ್ರು

ನಮ್ಮ ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಕಣ್ಣು ಕಾಣದ ವಿದ್ಯಾರ್ಥಿಗಳಿಗೆಂದೇ ಎರಡು ಕಂಪ್ಯೂಟರುಗಳನ್ನು ಮೀಸಲಿಟ್ಟಿದ್ದೇವೆ. ಎರಡರಲ್ಲೂ ವಿಂಡೋಸ್ 11 ಇದೆ, ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಎನ್‌ವಿಡಿಎ ಸ್ಕ್ರೀನ್ ರೀಡರ್ ಕೂಡ ಇದೆ. ಆದರೆ ಯಂತ್ರವನ್ನು ಆನ್ ಮಾಡಿದ ಮೇಲೆ ಕಣ್ಣು ಕಾಣುವವರು ಯಾರಾದರೂ ಬಂದು ಪಾಸ್‌ವರ್ಡ್ ಹಾಕಿ, ಡೆಸ್ಕ್‌ಟಾಪಿನಲ್ಲಿರುವ ಫೋಲ್ಡರನ್ನು ತೆರೆದು, ಅದರೊಳಗಿನ ಎನ್‌ವಿಡಿಎ ಚಿತ್ರದ ಮೇಲೆ ಎರಡು ಸಲ ಒತ್ತಿ ಕೊಡಬೇಕಾಗಿದೆ. ಗ್ರಂಥಪಾಲಕರು ಊಟಕ್ಕೆ ಹೋಗಿದ್ದರೆ ಹುಡುಗರು ಸುಮ್ಮನೆ ಕಾಯುತ್ತ ಕೂರುತ್ತಾರೆ. ಪ್ರತಿ ಸಲವೂ ಇನ್ನೊಬ್ಬರ ಕೈ ಕಾಯಬೇಕೆಂದರೆ ಮೀಸಲು ಕಂಪ್ಯೂಟರ್ ಇಟ್ಟೂ ಏನು ಪ್ರಯೋಜನ ಎಂದು ಒಬ್ಬ ವಿದ್ಯಾರ್ಥಿನಿ ನೇರವಾಗಿಯೇ ಕೇಳಿದಳು.

ಎನ್‌ವಿಡಿಎ ಸೆಟ್ಟಿಂಗಿನಲ್ಲಿ ಸೈನ್ ಇನ್ ಆದ ನಂತರ ತಾನಾಗಿ ಆರಂಭವಾಗುವ ಆಯ್ಕೆ ಇದೆಯೆಂದು ಕೇಳಿದ್ದೇನೆ. ನಮ್ಮಲ್ಲಿ ಆ ಆಯ್ಕೆ ಮಂಕಾಗಿ ಕಾಣುತ್ತದೆ, ಗುರುತು ಹಾಕಲು ಬಿಡುವುದಿಲ್ಲ. ನಾವು ಬಳಸುತ್ತಿರುವುದು ಪೆನ್‌ಡ್ರೈವಿನಿಂದ ನಕಲು ಮಾಡಿಕೊಂಡ ಫೋಲ್ಡರು. ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಖಾತೆ ಇದೆ. ದಾರಿ ತೋರಿಸಿ.

ಕೀಲಿಗೊಂಚಲು

ಮೇಷ್ಟ್ರೇ, ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಪ್ರಶ್ನೆಯಲ್ಲಿಯೇ ಇದೆ. ಪೆನ್‌ಡ್ರೈವಿನಿಂದ ತಂದ ಫೋಲ್ಡರು ಪೋರ್ಟಬಲ್ ಪ್ರತಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ ನಡೆಯುವ ಪ್ರತಿ. ತಾನಾಗಿ ಆರಂಭವಾಗುವ ಸೌಲಭ್ಯ ಪೋರ್ಟಬಲ್ ಪ್ರತಿಗೆ ಇಲ್ಲ. ಅದು ಯಂತ್ರದಲ್ಲಿ ವಿಧಿವತ್ತಾಗಿ ಇನ್‌ಸ್ಟಾಲ್ ಆದ ಪ್ರತಿಗೆ ಮಾತ್ರ. ಅಷ್ಟೇ ಅಲ್ಲ, ಯಾವುದಾದರೂ ತಂತ್ರಾಂಶವನ್ನು ಹಾಕುವಾಗ ವಿಂಡೋಸ್ ಪರದೆಯನ್ನು ಮಬ್ಬಾಗಿಸಿ ಅನುಮತಿ ಕೇಳುತ್ತದಲ್ಲ, ಆ ಕಿಟಕಿಯನ್ನೂ ಪೋರ್ಟಬಲ್ ಪ್ರತಿ ಓದುವುದಿಲ್ಲ. ನಿಮ್ಮ ವಿದ್ಯಾರ್ಥಿಗಳು ಅಲ್ಲಿಗೆ ಬಂದು ತಲುಪಿದಾಗ ಯಂತ್ರ ಏಕಾಏಕಿ ಮೂಕವಾಗುವುದಕ್ಕೆ ಕಾರಣ ಅದೇ.

ಪರಿಹಾರ ಸುಲಭ. ಈಗಿರುವ ಪೋರ್ಟಬಲ್ ಪ್ರತಿಯನ್ನೇ ತೆರೆದು, ಇನ್ಸರ್ಟ್ ಕೀಲಿಯ ಜೊತೆ ಎನ್ ಒತ್ತಿದರೆ ಎನ್‌ವಿಡಿಎ ಮೆನು ಬರುತ್ತದೆ. ಅಲ್ಲಿ ಟೂಲ್ಸ್ ಒಳಗೆ ಇನ್‌ಸ್ಟಾಲ್ ಎನ್‌ವಿಡಿಎ ಎಂಬುದನ್ನು ಆರಿಸಿ. ಮುಂದೆ ಬರುವ ಕಿಟಕಿಯಲ್ಲಿ ಸೈನ್ ಇನ್ ಪರದೆಯಲ್ಲಿ ಎನ್‌ವಿಡಿಎ ಬಳಸುವ ಆಯ್ಕೆ, ಡೆಸ್ಕ್‌ಟಾಪಿನಲ್ಲಿ ಚಿತ್ರ ಹಾಗೂ ಕಂಟ್ರೋಲ್ ಆಲ್ಟ್ ಎನ್ ಎಂಬ ಕೀಲಿಕೂಟ ರಚಿಸುವ ಆಯ್ಕೆ, ಪೋರ್ಟಬಲ್ ಪ್ರತಿಯ ಸೆಟ್ಟಿಂಗುಗಳನ್ನು ಖಾತೆಗೆ ನಕಲು ಮಾಡುವ ಆಯ್ಕೆ ಇವೆಲ್ಲ ಇರುತ್ತವೆ. ಮೂರಕ್ಕೂ ಗುರುತು ಹಾಕಿ. ಆಡಳಿತಾಧಿಕಾರವುಳ್ಳ ಖಾತೆಯಿಂದ ಇದನ್ನು ಮಾಡಬೇಕು.

ಸಂಪಿಗೆಮರ

ಹಣದ ಚಿಂತೆ ಯಾರಿಗೂ ಬೇಡ. ಎನ್‌ವಿಡಿಎ ಮುಕ್ತ ತಂತ್ರಾಂಶ, ಉಚಿತ.

ಬಯಲುಸೀಮೆ

ಇಷ್ಟೆಲ್ಲ ಸುತ್ತಾಟ ಯಾಕೆಂದು ನನಗೆ ಅರ್ಥವಾಗುತ್ತಿಲ್ಲ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಶೆಲ್ ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ಸ್ಟಾರ್ಟಪ್ ಎಂದು ಬರೆದು ಎಂಟರ್ ಒತ್ತಿದರೆ ಸ್ಟಾರ್ಟಪ್ ಫೋಲ್ಡರು ತೆರೆಯುತ್ತದೆ. ಬೇಕಾದ ತಂತ್ರಾಂಶದ ಶಾರ್ಟ್‌ಕಟ್ ಅನ್ನು ಅದರೊಳಗೆ ಅಂಟಿಸಿದರೆ ಕೆಲಸ ಮುಗಿಯಿತು. ಸ್ಟಾರ್ಟಪ್‌ಗೆ ಮುಂಚೆ ಕಾಮನ್ ಎಂಬ ಪದವನ್ನೂ ಸೇರಿಸಿದರೆ ಆ ಯಂತ್ರದ ಎಲ್ಲ ಖಾತೆಗಳಿಗೂ ಅನ್ವಯಿಸುವ ಫೋಲ್ಡರು ಸಿಗುತ್ತದೆ. ಪೋರ್ಟಬಲ್ ಪ್ರತಿಯನ್ನೂ ಹೀಗೆ ತೆರೆಸಬಹುದು, ಇನ್‌ಸ್ಟಾಲ್ ಮಾಡುವ ಅಗತ್ಯವೇ ಇಲ್ಲ. ನಮ್ಮ ಕಚೇರಿಯಲ್ಲಿ ಹತ್ತಾರು ಯಂತ್ರಗಳಿಗೆ ಬೇರೆ ಬೇರೆ ತಂತ್ರಾಂಶಗಳನ್ನು ನಾನು ಹೀಗೆಯೇ ಹೊಂದಿಸಿದ್ದೇನೆ.

ಕೀಲಿಗೊಂಚಲು

ಬಯಲುಸೀಮೆಯವರು ಹೇಳಿದ ದಾರಿ ಸುಳ್ಳಲ್ಲ, ಆದರೆ ಕಣ್ಣು ಕಾಣದವರ ಪಾಲಿಗೆ ಅದು ಅರ್ಧ ದಾರಿ. ಸ್ಟಾರ್ಟಪ್ ಫೋಲ್ಡರು ಕೆಲಸಕ್ಕೆ ಬರುವುದು ಪಾಸ್‌ವರ್ಡ್ ಹಾಕಿ ಒಳಗೆ ಬಂದ ನಂತರ. ಪಾಸ್‌ವರ್ಡ್ ಹಾಕುವವರೆಗೆ ಏನು ಮಾಡಬೇಕು? ಪರದೆಯಲ್ಲಿ ಈಗ ಯಾವ ಖಾತೆ ಆಯ್ಕೆಯಾಗಿದೆ, ಕರ್ಸರ್ ಪಾಸ್‌ವರ್ಡ್ ಪೆಟ್ಟಿಗೆಯಲ್ಲಿದೆಯೇ, ಕ್ಯಾಪ್ಸ್ ಲಾಕ್ ಆನ್ ಆಗಿದೆಯೇ, ಪಾಸ್‌ವರ್ಡ್ ತಪ್ಪಾಗಿದೆ ಎಂಬ ಸಂದೇಶ ಬಂದಿದೆಯೇ ಎಂಬ ಯಾವುದನ್ನೂ ಅಲ್ಲಿ ಯಾರೂ ಹೇಳುವುದಿಲ್ಲ. ನಾನು ದಿನವೂ ಎನ್‌ವಿಡಿಎ ಬಳಸುವವನು. ನನ್ನ ಮಟ್ಟಿಗೆ ಲಾಗಿನ್ ಪರದೆಯೇ ಯಂತ್ರದ ಅತಿ ಕಷ್ಟದ ಜಾಗ.

ಹೀಗಾಗಿ ಎನ್‌ವಿಡಿಎಯಲ್ಲಿ ಎರಡು ಪ್ರತ್ಯೇಕ ಆಯ್ಕೆಗಳಿವೆ. ಇನ್ಸರ್ಟ್, ಕಂಟ್ರೋಲ್ ಮತ್ತು ಜಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಜನರಲ್ ಎಂಬ ಸೆಟ್ಟಿಂಗ್ ಪುಟ ಬರುತ್ತದೆ. ಸೈನ್ ಇನ್ ಆದ ನಂತರ ಆರಂಭಿಸು ಎಂಬುದು ಒಂದು. ಅದು ಆಯಾ ಖಾತೆಗೆ ಸೇರಿದ್ದು. ಸೈನ್ ಇನ್ ಸಮಯದಲ್ಲಿ ಬಳಸು ಎಂಬುದು ಇನ್ನೊಂದು. ಅದು ಇಡೀ ಯಂತ್ರಕ್ಕೆ ಸೇರಿದ್ದು, ಅದಕ್ಕೆ ಆಡಳಿತಾಧಿಕಾರ ಬೇಕು. ಒಂದನ್ನು ಹಾಕಿ ಇನ್ನೊಂದನ್ನು ಬಿಟ್ಟವರೇ ಹೆಚ್ಚು, ಆಮೇಲೆ ಎನ್‌ವಿಡಿಎ ಸರಿಯಿಲ್ಲ ಎಂದು ದೂರುವವರೂ ಅವರೇ.

ತುಂಗಾತೀರ

ಸ್ಟಾರ್ಟಪ್ ಫೋಲ್ಡರಿನಲ್ಲಿ ಇನ್ನೂ ಒಂದು ಸಮಸ್ಯೆ ಇದೆ. ಎನ್‌ವಿಡಿಎ ಈಗಾಗಲೇ ನಡೆಯುತ್ತಿರುವಾಗ ಅದನ್ನು ಮತ್ತೊಮ್ಮೆ ತೆರೆದರೆ ಹಳೆಯದು ಮುಚ್ಚಿಕೊಂಡು ಹೊಸದು ಆರಂಭವಾಗುತ್ತದೆ. ಯಾರಾದರೂ ಸೆಟ್ಟಿಂಗಿನಲ್ಲೂ ಗುರುತು ಹಾಕಿ, ಸ್ಟಾರ್ಟಪ್ ಫೋಲ್ಡರಿನಲ್ಲೂ ಶಾರ್ಟ್‌ಕಟ್ ಇಟ್ಟರೆ ಆಗುವುದು ಹೀಗೆ: ಲಾಗಿನ್ ಆದ ಕೂಡಲೇ ದನಿ ಶುರುವಾಗುತ್ತದೆ, ಅರ್ಧ ವಾಕ್ಯ ಹೇಳುವಷ್ಟರಲ್ಲಿ ನಿಲ್ಲುತ್ತದೆ, ಆರಂಭದ ಸದ್ದು ಮತ್ತೆ ಕೇಳುತ್ತದೆ, ಎಲ್ಲವೂ ಮೊದಲಿನಿಂದ. ಹೊಸದಾಗಿ ಕಲಿಯುವವರು ಯಂತ್ರ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಎರಡರಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳಿ, ಅದೂ ಸೆಟ್ಟಿಂಗಿನದ್ದನ್ನು.

ಬಯಲುಸೀಮೆ

ಸೆಟ್ಟಿಂಗಿನದ್ದು ಆಯಾ ಖಾತೆಗೆ ಮಾತ್ರ ಎಂದು ನೀವೇ ಹೇಳುತ್ತೀರಿ. ಮೇಷ್ಟ್ರ ಬಳಿ ಹಲವು ಖಾತೆಗಳಿವೆ. ಪ್ರತಿ ಖಾತೆಗೂ ಹೋಗಿ ಗುರುತು ಹಾಕುವ ಬದಲು ಕಾಮನ್ ಸ್ಟಾರ್ಟಪ್ ಫೋಲ್ಡರಿನಲ್ಲಿ ಒಂದೇ ಶಾರ್ಟ್‌ಕಟ್ ಇಡುವುದು ಜಾಣತನವಲ್ಲವೇ?

ತುಂಗಾತೀರ

ಆ ಕಂಪ್ಯೂಟರಿನಲ್ಲಿ ಕಣ್ಣು ಕಾಣುವವರ ಖಾತೆಯೂ ಇದ್ದರೆ ಅವರಿಗೂ ಅದು ಮಾತನಾಡತೊಡಗುತ್ತದೆ. ಆಗ ಅವರು ಏನು ಮಾಡುತ್ತಾರೆಂದು ಊಹಿಸಿ: ಶಾರ್ಟ್‌ಕಟ್ಟನ್ನು ಅಳಿಸುತ್ತಾರೆ, ಇಲ್ಲವೇ ಸ್ಪೀಕರಿನ ತಂತಿ ಕೀಳುತ್ತಾರೆ. ಮರುದಿನ ಬಂದ ಹುಡುಗನಿಗೆ ಯಂತ್ರ ಮೂಕ. ಖಾತೆಗೊಂದು ಗುರುತು ಹಾಕುವುದು ಒಂದೇ ಸಲದ ಕೆಲಸ. ಎನ್‌ವಿಡಿಎ ತೆರೆದಾಗ ಬರುವ ಸ್ವಾಗತದ ಕಿಟಕಿಯಲ್ಲೇ ಆ ಆಯ್ಕೆ ಇದೆ, ಆದ್ದರಿಂದ ವಿದ್ಯಾರ್ಥಿಯೇ ಅದನ್ನು ಕೇಳಿಸಿಕೊಂಡು ತಾನೇ ಹಾಕಿಕೊಳ್ಳಬಹುದು. ಇತರರು ಮಾಡಿಕೊಡುವುದಕ್ಕಿಂತ ಅದು ಮೇಲು.

ಮೂಡಲಬಾಗಿಲು

ಒಂದು ವಿಷಯ ಯಾರೂ ಹೇಳಲಿಲ್ಲ. ವಿಂಡೋಸ್ ಜೊತೆಗೆ ಬರುವ ನರೇಟರ್ ಎಂಬ ಸ್ಕ್ರೀನ್ ರೀಡರನ್ನು ಲಾಗಿನ್ ಪರದೆಯಲ್ಲೇ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒತ್ತಿ ತೆರೆಯಬಹುದು. ಅದೇ ಮೂರನ್ನು ಮತ್ತೆ ಒತ್ತಿದರೆ ಮುಚ್ಚುತ್ತದೆ. ಯಾರ ಅನುಮತಿಯೂ ಬೇಡ, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅಪರಿಚಿತ ಯಂತ್ರದ ಮುಂದೆ ಕುಳಿತಾಗ ನಾನು ಮೊದಲು ಮಾಡುವುದು ಅದನ್ನೇ. ಇಂಗ್ಲಿಷ್ ಮಾತು ಅರ್ಥವಾದರೆ ಪಾಸ್‌ವರ್ಡ್ ದಾಟಲು ಅಷ್ಟು ಸಾಕು. ಒಳಗೆ ಹೋದ ಮೇಲೆ ಎನ್‌ವಿಡಿಎ ಇದ್ದೇ ಇದೆ.

ಕೀಲಿಗೊಂಚಲು

ಒಪ್ಪುತ್ತೇನೆ. ಆದರೆ ಎರಡೂ ಒಟ್ಟಿಗೆ ಮಾತನಾಡಿದರೆ ಯಾವ ಮಾತೂ ಕಿವಿಗೆ ಹತ್ತುವುದಿಲ್ಲ. ಎನ್‌ವಿಡಿಎ ಬಳಸುವವರು ನರೇಟರಿನ ತಾನಾಗಿ ಆರಂಭವಾಗುವ ಆಯ್ಕೆಗಳನ್ನು ತೆಗೆದಿಡಬೇಕು, ಕೀಲಿಕೂಟವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡರೆ ಸಾಕು.

ಹಾವೇರಿ ಮೇಷ್ಟ್ರು

ಇನ್‌ಸ್ಟಾಲ್ ಮಾಡಿದೆವು. ಲಾಗಿನ್ ಪರದೆಯಲ್ಲಿ ದನಿ ಬಂದಿತು, ಎಲ್ಲರಿಗೂ ಧನ್ಯವಾದಗಳು. ಆದರೆ ಹೊಸ ತೊಡಕುಗಳು ಎದುರಾಗಿವೆ. ಒಳಗೆ ಹೋದ ಮೇಲೆ ನಮ್ಮ ವಿದ್ಯಾರ್ಥಿನಿ ಹೊಂದಿಸಿಕೊಂಡ ನಿಧಾನವಾದ ಕನ್ನಡ ದನಿ ಬರುತ್ತದೆ. ಲಾಗಿನ್ ಪರದೆಯಲ್ಲಿ ಮಾತ್ರ ಬೇರೆಯದೇ ಆದ ಇಂಗ್ಲಿಷ್ ದನಿ. ನಾವು ಖಾತೆಗಳ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇವೆ, ಆ ದನಿ ಅವನ್ನು ಓದುವುದೇ ಇಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಒತ್ತಿದರೂ ಕೆಲವೊಮ್ಮೆ ತಪ್ಪೆಂದು ಬರುತ್ತಿದೆ.

ತುಂಗಾತೀರ

ಇದು ನಿರೀಕ್ಷಿತವೇ. ಲಾಗಿನ್ ಪರದೆಯಲ್ಲಿ ನಡೆಯುವ ಎನ್‌ವಿಡಿಎ ನಿಮ್ಮ ವಿದ್ಯಾರ್ಥಿನಿಯ ಖಾತೆಯಲ್ಲಿ ನಡೆಯುತ್ತಿಲ್ಲ. ಆ ಹೊತ್ತಿಗೆ ಯಾರೂ ಒಳಗೆ ಬಂದಿಲ್ಲವಲ್ಲ! ಅದು ವಿಂಡೋಸ್ ವ್ಯವಸ್ಥೆಯ ಅಧಿಕಾರದಲ್ಲಿ ನಡೆಯುತ್ತದೆ, ಸೆಟ್ಟಿಂಗುಗಳನ್ನೂ ಬೇರೆ ಜಾಗದಿಂದ ಓದುತ್ತದೆ. ಅಲ್ಲಿ ಏನೂ ಇಲ್ಲದಿದ್ದರೆ ಮೂಲ ಸೆಟ್ಟಿಂಗುಗಳೇ ಗತಿ. ಅದೇ ಜನರಲ್ ಪುಟದಲ್ಲಿ ಒಂದು ಗುಂಡಿ ಇದೆ. ಸದ್ಯ ಉಳಿಸಿರುವ ಸೆಟ್ಟಿಂಗುಗಳನ್ನು ಸೈನ್ ಇನ್ ಸಮಯದಲ್ಲಿಯೂ ಸುರಕ್ಷಿತ ಪರದೆಗಳಲ್ಲಿಯೂ ಬಳಸು ಎಂದು ಅದು ಹೇಳುತ್ತದೆ. ಈಸ್ಪೀಕ್ ಎನ್‌ಜಿ ಎಂಬ ದನಿಯಂತ್ರ ಎನ್‌ವಿಡಿಎ ಜೊತೆಗೇ ಬರುತ್ತದೆ, ಅದರಲ್ಲಿ ಕನ್ನಡವಿದೆ. ಅದನ್ನು ಆರಿಸಿ, ವೇಗವನ್ನು ಎಲ್ಲರಿಗೂ ಹೊಂದುವಂತೆ ಇಟ್ಟು, ಸೆಟ್ಟಿಂಗುಗಳನ್ನು ಉಳಿಸಿ, ಆಮೇಲೆ ಆ ಗುಂಡಿಯನ್ನು ಒತ್ತಿ. ಕನ್ನಡದಲ್ಲಿ ಬರೆದ ಖಾತೆ ಹೆಸರುಗಳೂ ಆಗ ಕೇಳುತ್ತವೆ.

ಪಾಸ್‌ವರ್ಡ್ ವಿಚಾರದಲ್ಲಿ ನನ್ನ ಅನುಮಾನ ಕ್ಯಾಪ್ಸ್ ಲಾಕ್ ಮೇಲೆ. ನಿಮ್ಮ ವಿದ್ಯಾರ್ಥಿಗಳು ಇನ್ಸರ್ಟ್ ಬದಲು ಕ್ಯಾಪ್ಸ್ ಲಾಕ್ ಅನ್ನು ಎನ್‌ವಿಡಿಎ ಕೀಲಿಯಾಗಿ, ಅಂದರೆ ಎನ್‌ವಿಡಿಎಗೆ ಆಜ್ಞೆ ಕೊಡುವಾಗ ಇತರ ಕೀಲಿಗಳ ಜೊತೆ ಒತ್ತುವ ಕೀಲಿಯಾಗಿ, ಬಳಸುತ್ತಾರೆಯೇ? ಖಾತೆಯೊಳಗೆ ಆ ಕೀಲಿಯನ್ನು ಒಂದು ಸಲ ಒತ್ತಿದರೆ ದೊಡ್ಡಕ್ಷರ ಬರುವುದಿಲ್ಲ, ಬೆರಳಿಗೆ ಅದೇ ರೂಢಿಯಾಗಿರುತ್ತದೆ. ಲಾಗಿನ್ ಪರದೆಗೆ ಆ ಸೆಟ್ಟಿಂಗು ಹೋಗಿರುವುದಿಲ್ಲವಾದ್ದರಿಂದ ಅಲ್ಲಿ ಅದೇ ಕೀಲಿ ತನ್ನ ಹಳೆಯ ಕೆಲಸವನ್ನೇ ಮಾಡುತ್ತದೆ. ದೊಡ್ಡಕ್ಷರಗಳು ಶುರುವಾಗುತ್ತವೆ, ಪಾಸ್‌ವರ್ಡ್ ಪೆಟ್ಟಿಗೆಯಲ್ಲಿ ಪ್ರತಿ ಅಕ್ಷರಕ್ಕೂ ನಕ್ಷತ್ರ ಎಂದಷ್ಟೇ ಕೇಳುತ್ತದೆ, ಎಲ್ಲಿ ತಪ್ಪಾಯಿತೆಂದು ಗೊತ್ತಾಗುವುದಿಲ್ಲ.

ಹಾವೇರಿ ಮೇಷ್ಟ್ರು

ಹೌದು, ಎಲ್ಲರೂ ಕ್ಯಾಪ್ಸ್ ಲಾಕನ್ನೇ ಬಳಸುತ್ತಾರೆ. ನಾಳೆ ನೋಡುತ್ತೇನೆ.

ಬೇಲಿಹೂ

ಆ ಗುಂಡಿಯನ್ನು ಒತ್ತುವ ಮುನ್ನ ಒಂದು ಎಚ್ಚರಿಕೆ. ಖಾತೆಯಲ್ಲಿ ಆಡ್ಆನ್‌ಗಳನ್ನು (ಎನ್‌ವಿಡಿಎಗೆ ಹೆಚ್ಚುವರಿಯಾಗಿ ಸೇರಿಸುವ ತುಣುಕುಗಳನ್ನು) ಹಾಕಿಕೊಂಡಿದ್ದರೆ ಎನ್‌ವಿಡಿಎ ಸ್ವತಃ ತಡೆದು, ಇವುಗಳನ್ನು ವ್ಯವಸ್ಥೆಯ ಮಟ್ಟಕ್ಕೆ ನಕಲು ಮಾಡುವುದು ಭದ್ರತೆಗೆ ಅಪಾಯವಾಗಬಹುದು ಎಂದು ಕೇಳುತ್ತದೆ. ಇದು ಕೇವಲ ಔಪಚಾರಿಕ ಎಚ್ಚರಿಕೆಯಲ್ಲ. ಲಾಗಿನ್ ಪರದೆಯಲ್ಲಿ ನಡೆಯುವ ಯಾವುದೇ ತುಣುಕಿಗೆ ಇಡೀ ಯಂತ್ರದ ಮೇಲೆ ಅಧಿಕಾರವಿರುತ್ತದೆ, ಮತ್ತು ಎಲ್ಲರೂ ಪಾಸ್‌ವರ್ಡ್ ಹಾಕುವ ಜಾಗ ಅದೇ. ಆದ್ದರಿಂದ ಹೊಸ ಖಾತೆಯೊಂದನ್ನು ಮಾಡಿ, ಆಡ್ಆನ್ ಒಂದೂ ಇಲ್ಲದಂತೆ ದನಿ, ವೇಗ, ಎನ್‌ವಿಡಿಎ ಕೀಲಿ ಇಷ್ಟನ್ನು ಮಾತ್ರ ಹೊಂದಿಸಿ ಅಲ್ಲಿಂದ ನಕಲು ಮಾಡುವುದು ಒಳ್ಳೆಯದು.

ಬಯಲುಸೀಮೆ

ಲಾಗಿನ್ ಪರದೆಯೇ ಇಷ್ಟು ತಲೆನೋವು ಕೊಡುತ್ತಿದ್ದರೆ ಅದನ್ನೇ ತೆಗೆದುಹಾಕಿ. ಪಾಸ್‌ವರ್ಡ್ ಇಲ್ಲದ ಒಂದೇ ಖಾತೆ ಇಟ್ಟರೆ ಯಂತ್ರ ಆನ್ ಆದ ಕೂಡಲೇ ನೇರವಾಗಿ ಡೆಸ್ಕ್‌ಟಾಪಿಗೆ ಹೋಗುತ್ತದೆ, ಎನ್‌ವಿಡಿಎ ತೆರೆಯುತ್ತದೆ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಯಾವ ರಾಜರಹಸ್ಯ ಇರುತ್ತದೆ?

ಸಂಪಿಗೆಮರ

ಈ ಮಾತನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಕಣ್ಣು ಕಾಣುವ ವಿದ್ಯಾರ್ಥಿಗೆ ತನ್ನದೇ ಖಾತೆ, ತನ್ನದೇ ಪಾಸ್‌ವರ್ಡ್; ಕಾಣದವರಿಗೆ ಮಾತ್ರ ಎಲ್ಲರೂ ಹೊಕ್ಕು ಹೊರಡುವ ಒಂದು ಖಾತೆ ಎಂದರೆ ಅದು ನ್ಯಾಯವೇ? ಅವರ ಅರ್ಜಿಗಳು, ವಿದ್ಯಾರ್ಥಿವೇತನದ ಕಾಗದಗಳು, ಮಿಂಚಂಚೆ ಎಲ್ಲವೂ ಅಲ್ಲಿಯೇ ಇರುತ್ತವೆ. ತಮ್ಮ ಬೆನ್ನ ಹಿಂದೆ ಯಾರು ನಿಂತು ಓದುತ್ತಿದ್ದಾರೆಂದೂ ಅವರಿಗೆ ತಿಳಿಯುವುದಿಲ್ಲ. ಸೌಕರ್ಯದ ಹೆಸರಿನಲ್ಲಿ ಗೌಪ್ಯತೆಯನ್ನು ಕಿತ್ತುಕೊಳ್ಳಬಾರದು.

ಬಯಲುಸೀಮೆ

ನಾನು ಹೇಳಿದ್ದು ಸಾರ್ವಜನಿಕ ಯಂತ್ರದ ಬಗ್ಗೆ. ಮನೆಯಲ್ಲಿ ಒಬ್ಬರೇ ಬಳಸುವ ಯಂತ್ರಕ್ಕೂ ಇದು ಸರಿಯಾಗಿಯೇ ಇದೆ.

ಮೂಡಲಬಾಗಿಲು

ಮನೆಯ ಯಂತ್ರಕ್ಕೆ ಪಿನ್ ಇಡಿ. ಸಂಖ್ಯೆಗಳಾದ್ದರಿಂದ ಕ್ಯಾಪ್ಸ್ ಲಾಕ್ ತಕರಾರೇ ಇಲ್ಲ, ಕೊನೆಯ ಅಂಕೆ ಒತ್ತಿದ ಕೂಡಲೇ ಎಂಟರ್ ಇಲ್ಲದೆಯೇ ಒಳಗೆ ಹೋಗುತ್ತದೆ. ನನ್ನ ತಾಯಿಯ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಮಾಡಿದ್ದೇನೆ. ಅವರು ಪೂರ್ತಿ ದೃಷ್ಟಿ ಕಳೆದುಕೊಂಡಿಲ್ಲ, ಮಂದದೃಷ್ಟಿ. ಅವರಿಗೆ ಬೇಕಿರುವುದು ಪರದೆಯನ್ನು ದೊಡ್ಡದಾಗಿ ತೋರಿಸುವ ಮ್ಯಾಗ್ನಿಫೈಯರ್. ಸೆಟ್ಟಿಂಗ್ಸ್ ಒಳಗೆ ಅಕ್ಸೆಸಿಬಿಲಿಟಿ, ಅದರೊಳಗೆ ಮ್ಯಾಗ್ನಿಫೈಯರ್ ತೆರೆದರೆ ಸೈನ್ ಇನ್ ಆಗುವ ಮುನ್ನ ಆರಂಭಿಸು, ಆದ ನಂತರ ಆರಂಭಿಸು ಎಂಬ ಎರಡು ಆಯ್ಕೆಗಳು ಅಲ್ಲಿಯೂ ಇವೆ. ಎರಡನ್ನೂ ಹಾಕಿದ್ದೇನೆ. ಬಿಳಿ ಹಿನ್ನೆಲೆ ಕಣ್ಣಿಗೆ ಚುಚ್ಚಿದಾಗ ಕಂಟ್ರೋಲ್ ಆಲ್ಟ್ ಐ ಒತ್ತಿ ಬಣ್ಣ ತಿರುಗಿಸಿಕೊಳ್ಳುತ್ತಾರೆ. ಈ ಚರ್ಚೆಯಲ್ಲಿ ಎಲ್ಲರೂ ದನಿಯ ಬಗ್ಗೆಯೇ ಮಾತನಾಡುತ್ತಿದ್ದೀರಿ. ಮಂದದೃಷ್ಟಿಯವರ ಸಂಖ್ಯೆ ಸಣ್ಣದಲ್ಲ.

ನೆರಳುಹಾದಿ

ಕೈ ಆಡದವರ ಮಾತನ್ನೂ ಸೇರಿಸುತ್ತೇನೆ. ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಸಾಮಾನ್ಯ ಕೀಲಿಮಣೆ ಅವನಿಗೆ ಆಗದು. ಅವನು ಪರದೆಯ ಮೇಲಿನ ಕೀಲಿಮಣೆ ಬಳಸುತ್ತಾನೆ. ಅದನ್ನು ತೆರೆದಾಗ ಆಪ್ಷನ್ಸ್ ಎಂಬ ಕೀಲಿ ಇರುತ್ತದೆ. ಅದರೊಳಗೆ, ಸೈನ್ ಇನ್ ಆದಾಗ ಈ ಕೀಲಿಮಣೆ ತೆರೆಯಬೇಕೇ ಎಂಬುದನ್ನು ನಿಯಂತ್ರಿಸುವ ಕೊಂಡಿ ಇದೆ. ಅದೇ ಕಿಟಕಿಯಲ್ಲಿ, ಮೌಸ್ ಬಾಣವನ್ನು ಅಕ್ಷರದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು, ಕ್ಲಿಕ್ ಮಾಡದೆಯೇ ಅಕ್ಷರ ಮೂಡುವ ಆಯ್ಕೆಯೂ, ಕೀಲಿಗಳ ಸಾಲುಗಳು ಒಂದಾದ ಮೇಲೊಂದು ಹೊಳೆಯುತ್ತ ಹೋಗಿ ಒಂದೇ ಕೀಲಿ ಒತ್ತಿ ಆರಿಸಿಕೊಳ್ಳುವ ಆಯ್ಕೆಯೂ ಇವೆ. ಲಾಗಿನ್ ಪರದೆಯ ಕೆಳಗಿನ ಬಲಮೂಲೆಯಲ್ಲಿರುವ ಮನುಷ್ಯಾಕೃತಿಯ ಚಿಹ್ನೆಯಿಂದಲೂ ಇದು ತೆರೆಯುತ್ತದೆ, ಆದರೆ ಅಷ್ಟು ಸಣ್ಣ ಚಿಹ್ನೆಗೆ ಬಾಣವನ್ನು ಒಯ್ಯುವುದೇ ಅವನಿಗೆ ದೊಡ್ಡ ಸಾಹಸ. ತಾನಾಗಿ ತೆರೆದರೆ ಅವನಿಗೆ ಒಂದು ಸಾಹಸ ಕಡಿಮೆ.

ಕಡತಯಜ್ಞ

ನಮ್ಮ ಕಚೇರಿಯಲ್ಲಿ ಬೇರೆ ರೀತಿಯ ಬೇಡಿಕೆ. ಎಲ್ಲರಿಗೂ ಬೆಳಿಗ್ಗೆ ಯಂತ್ರ ತೆರೆದ ಕೂಡಲೇ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬೇಕು. ಸ್ಟಾರ್ಟಪ್ ಫೋಲ್ಡರಿನಲ್ಲಿ ಶಾರ್ಟ್‌ಕಟ್ ಇಟ್ಟಿದ್ದೇವೆ. ಕೆಲವು ಯಂತ್ರಗಳಲ್ಲಿ ತೆರೆಯುತ್ತದೆ, ಕೆಲವದರಲ್ಲಿ ಇಲ್ಲ. ಯಾಕೆ?

ಬೇಲಿಹೂ

ತೆರೆಯದ ಯಂತ್ರಗಳಲ್ಲಿ ಯಾರೋ ಅದನ್ನು ಆಡಳಿತಾಧಿಕಾರದಿಂದಲೇ ನಡೆಸು ಎಂದು ಹೊಂದಿಸಿರಬೇಕು. ಅಂಥ ಅಧಿಕಾರ ಕೇಳುವ ತಂತ್ರಾಂಶವನ್ನು ಲಾಗಿನ್ ಸಮಯದಲ್ಲಿ ಸ್ಟಾರ್ಟಪ್ ಫೋಲ್ಡರಿನಿಂದ ವಿಂಡೋಸ್ ತೆರೆಯುವುದಿಲ್ಲ, ಏನನ್ನೂ ಹೇಳದೆ ಬಿಟ್ಟುಬಿಡುತ್ತದೆ. ಅಧಿಕಾರ ನಿಜಕ್ಕೂ ಬೇಕಾಗಿದ್ದರೆ ಟಾಸ್ಕ್ ಶೆಡ್ಯೂಲರಿನಲ್ಲಿ ಹೊಸ ಕೆಲಸವೊಂದನ್ನು ರಚಿಸಿ, ಲಾಗ್ ಆನ್ ಆದಾಗ ಎಂಬ ಸಂದರ್ಭವನ್ನು ಆರಿಸಿ, ಅತ್ಯುನ್ನತ ಅಧಿಕಾರದೊಂದಿಗೆ ನಡೆಸು ಎಂಬುದಕ್ಕೆ ಗುರುತು ಹಾಕಿ. ಬೇಡವಾಗಿದ್ದರೆ ಆಡಳಿತಾಧಿಕಾರದಿಂದಲೇ ನಡೆಸು ಎಂದು ಮೊದಲು ಹಾಕಿದ್ದ ಗುರುತನ್ನು ತೆಗೆದರೆ ಸಾಕು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಅದು ನಿಷ್ಕ್ರಿಯವಾಗಿದೆಯೇ ಎಂದೂ ನೋಡಿ. ಯಂತ್ರದ ವೇಗ ಹೆಚ್ಚಿಸುತ್ತೇವೆ ಎನ್ನುವ ಸ್ವಚ್ಛತಾ ತಂತ್ರಾಂಶಗಳು ಅಲ್ಲಿ ಮನಬಂದಂತೆ ಕೈಯಾಡಿಸುತ್ತವೆ.

ಕೀಲಿಗೊಂಚಲು

ನುಡಿಯ ಮಾತು ಬಂದಿತಾದ್ದರಿಂದ ಒಂದು ವಿನಂತಿ. ತೆರೆಯುವುದೇನೋ ತೆರೆಯಲಿ, ಆದರೆ ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪಿಸಿ. ಹಳೆಯ ಫಾಂಟುಗಳಲ್ಲಿ ಬರೆದ ಸುತ್ತೋಲೆ ನಿಮಗೆ ಕನ್ನಡವಾಗಿ ಕಾಣುತ್ತದೆ. ಸ್ಕ್ರೀನ್ ರೀಡರಿಗೆ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಒಳಗಿರುವ ಸಂಕೇತಗಳೇ ಬೇರೆ, ಫಾಂಟು ಅವುಗಳಿಗೆ ಕನ್ನಡದ ವೇಷ ತೊಡಿಸಿರುತ್ತದೆ ಅಷ್ಟೆ. ನನ್ನ ಎನ್‌ವಿಡಿಎ ಎಷ್ಟು ಬೇಗ ತೆರೆದರೂ ಅಂಥ ಕಡತವನ್ನು ಓದಲಾರದು.

ಕಡತಯಜ್ಞ

ಮೇಲಿನವರು ಹಳೆಯ ಫಾಂಟಿನಲ್ಲಿಯೇ ಕೇಳುತ್ತಾರೆ, ನಾವೇನು ಮಾಡೋಣ? ಹಳೆಯ ಕಡತಗಳೆಲ್ಲ ಅದರಲ್ಲಿಯೇ ಇವೆ.

ಸಂಪಿಗೆಮರ

ಪರಿವರ್ತಕಗಳು ಇವೆ. ಮನಸ್ಸಿಲ್ಲ ಎನ್ನಿ.

ನಿರ್ವಾಹಕ

ಫಾಂಟುಗಳ ವ್ಯಾಜ್ಯಕ್ಕೆ ಬೇರೆ ಎಳೆಯನ್ನೇ ತೆರೆಯಿರಿ. ಇಲ್ಲಿ ಲಾಗಿನ್ ವಿಷಯ ಮಾತ್ರ ಇರಲಿ.

ಎಣಿಕೆಗಾರ

ನಾನು ಬ್ಯಾಂಕೊಂದರಲ್ಲಿ ಕೆಲಸ ಮಾಡುವ ದೃಷ್ಟಿಹೀನ ನೌಕರ. ನನ್ನ ಯಂತ್ರದಲ್ಲಿರುವುದು ಜಾಸ್ ಎಂಬ ಸ್ಕ್ರೀನ್ ರೀಡರ್. ಅದರಲ್ಲಿಯೂ ಆಪ್ಷನ್ಸ್ ಮೆನುವಿನ ಬೇಸಿಕ್ಸ್ ಒಳಗೆ ತಾನಾಗಿ ಆರಂಭವಾಗುವ ಕಿಟಕಿ ಇದೆ. ಲಾಗ್ ಆನ್ ಪರದೆಯಲ್ಲಿ ಆರಂಭಿಸು, ಈ ಬಳಕೆದಾರನಿಗೆ ಲಾಗ್ ಆನ್ ನಂತರ ಆರಂಭಿಸು ಎಂದು ಬೇರೆ ಬೇರೆಯಾಗಿಯೇ ಕೇಳುತ್ತದೆ. ಎರಡನೆಯದನ್ನು ನಾನೇ ಹಾಕಿಕೊಂಡೆ. ಮೊದಲನೆಯದಕ್ಕೆ ಆಡಳಿತಾಧಿಕಾರ ಬೇಕು, ತಾಂತ್ರಿಕ ವಿಭಾಗದವರು ಭದ್ರತಾ ನಿಯಮದ ನೆಪವೊಡ್ಡಿ ಕೊಡಲಿಲ್ಲ. ಪಕ್ಕದ ಮೇಜಿನವರನ್ನು ಕರೆದು ಪಾಸ್‌ವರ್ಡ್ ಹಾಕಿಸಿಕೊಳ್ಳಿ ಎಂಬ ಸಲಹೆ ಬೇರೆ! ಪಾಸ್‌ವರ್ಡನ್ನು ಯಾರಿಗೂ ಹೇಳಬೇಡಿ ಎಂದು ಸುತ್ತೋಲೆ ಕಳಿಸುವವರೂ ಅವರೇ.

ಕೊನೆಗೆ ನಾನು ಬಾಯಿಮಾತು ಬಿಟ್ಟು ಲಿಖಿತವಾಗಿ ಕೇಳಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 20ನೆಯ ಸೆಕ್ಷನ್ನಿನ ಎರಡನೆಯ ಉಪಖಂಡದ ಪ್ರಕಾರ ಪ್ರತಿಯೊಂದು ಸರ್ಕಾರಿ ಸಂಸ್ಥೆಯೂ ಅಂಗವೈಕಲ್ಯವುಳ್ಳ ನೌಕರರಿಗೆ ಸೂಕ್ತ ಹೊಂದಾಣಿಕೆಗಳನ್ನೂ ಅಡೆತಡೆಯಿಲ್ಲದ ವಾತಾವರಣವನ್ನೂ ಒದಗಿಸಬೇಕು. ಲಾಗಿನ್ ಪರದೆಯಲ್ಲಿ ಸ್ಕ್ರೀನ್ ರೀಡರ್ ನಡೆಯುವಂತೆ ಮಾಡುವುದು ಅಂಥ ಹೊಂದಾಣಿಕೆ ಎಂದು ಆ ಸೆಕ್ಷನ್ನನ್ನು ನಮೂದಿಸಿ ಬರೆದೆ. ತಾಂತ್ರಿಕ ವಿಭಾಗದವರೇ ಬಂದು ಗುರುತು ಹಾಕಿ ಹೋದರು. ನನಗೆ ಆಡಳಿತಾಧಿಕಾರ ಕೊಡಿ ಎಂದು ನಾನು ಕೇಳಲಿಲ್ಲ, ನಿಮ್ಮ ಅಧಿಕಾರದಿಂದ ಇದೊಂದನ್ನು ಮಾಡಿ ಎಂದು ಕೇಳಿದೆ. ಆ ವ್ಯತ್ಯಾಸ ಕೆಲಸ ಮಾಡಿತು.

ಬೇಲಿಹೂ

ತಾಂತ್ರಿಕ ವಿಭಾಗದಲ್ಲಿ ದುಡಿದವನಾಗಿ ಅವರ ಪರವಾಗಿಯೂ ಒಂದು ಮಾತು. ಲಾಗಿನ್ ಪರದೆಯಲ್ಲಿ ಮೂರನೆಯವರ ತಂತ್ರಾಂಶ ನಡೆಯುವುದೆಂದರೆ ಭದ್ರತೆಯ ಹೊಣೆ ಹೊತ್ತವರಿಗೆ ಅಳುಕು ಸಹಜ. ಆದರೆ ಅಳುಕಿಗೆ ಉತ್ತರ ಪರೀಕ್ಷಿಸಿ ಅನುಮತಿ ಕೊಡುವುದೇ ಹೊರತು ಅರ್ಜಿಯನ್ನು ಮೂಲೆಗೆ ಎಸೆಯುವುದಲ್ಲ.

ಎಣಿಕೆಗಾರ

ಪರೀಕ್ಷಿಸುತ್ತೇವೆ ಎಂದು ಹೇಳಿ ತಿಂಗಳುಗಟ್ಟಲೆ ಸುಮ್ಮನಿರುವುದೂ ಮೂಲೆಗೆ ಎಸೆದಂತೆಯೇ.

ಲಿನಕ್ಸ್ ಲಿಂಗಣ್ಣ

ವಿಂಡೋಸ್ ಬಿಟ್ಟು ಬನ್ನಿ ಎನ್ನುವುದಿಲ್ಲ, ಹೊಡೆಯಬೇಡಿ. ಗ್ನೋಮ್ ಪರಿಸರವಿರುವ ಲಿನಕ್ಸ್‌ನಲ್ಲಿ ಸೂಪರ್ (ಅಂದರೆ ವಿಂಡೋಸ್ ಕೀಲಿ), ಆಲ್ಟ್, ಎಸ್ ಮೂರನ್ನೂ ಒತ್ತಿದರೆ ಓರ್ಕಾ ಎಂಬ ಸ್ಕ್ರೀನ್ ರೀಡರ್ ಮಾತನಾಡತೊಡಗುತ್ತದೆ, ಲಾಗಿನ್ ಪರದೆಯಲ್ಲೂ ಹಾಗೆಯೇ. ಅಲ್ಲಿಯೂ ಲಾಗಿನ್ ಪರದೆಯ ಸೆಟ್ಟಿಂಗು ಬೇರೆ, ಬಳಕೆದಾರನ ಸೆಟ್ಟಿಂಗು ಬೇರೆ. ಒಂದರಲ್ಲಿ ಆನ್ ಮಾಡಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಬೇರೆ ಯಾವುದೇ ತಂತ್ರಾಂಶ ತಾನಾಗಿ ತೆರೆಯಬೇಕಾದರೆ ನಿಮ್ಮ ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗಿನ ಆಟೋಸ್ಟಾರ್ಟ್ ಫೋಲ್ಡರಿನಲ್ಲಿ ಅದರ ಡೆಸ್ಕ್‌ಟಾಪ್ ಕಡತವನ್ನು ಇಟ್ಟರಾಯಿತು.

ಡಲ್ಲಾಸ್ ಕನ್ನಡಿಗ

ಮ್ಯಾಕ್ ಬಳಸುವವರು ಕಮಾಂಡ್ ಎಫ್5 ಒತ್ತಿದರೆ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ ಬರುತ್ತದೆ. ಲಾಗಿನ್ ಕಿಟಕಿಯಲ್ಲಿ ತಾನಾಗಿ ಬರಬೇಕಾದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಲಾಕ್ ಸ್ಕ್ರೀನ್ ತೆರೆದು ಅಲ್ಲಿನ ಅಕ್ಸೆಸಿಬಿಲಿಟಿ ಆಯ್ಕೆಗಳನ್ನು ನೋಡಿ.

ಹಾವೇರಿ ಮೇಷ್ಟ್ರು

ಹೊಸ ಖಾತೆ ಮಾಡಿ, ಈಸ್ಪೀಕ್ ಕನ್ನಡ ದನಿ ಮತ್ತು ಕ್ಯಾಪ್ಸ್ ಲಾಕ್ ಕೀಲಿ ಎರಡನ್ನೂ ಹೊಂದಿಸಿ ನಕಲು ಮಾಡಿದೆವು. ಈಗ ಖಾತೆಗಳ ಹೆಸರು ಕನ್ನಡದಲ್ಲಿಯೇ ಕೇಳುತ್ತಿದೆ, ಪಾಸ್‌ವರ್ಡ್ ತಕರಾರೂ ನಿಂತಿದೆ. ವಿದ್ಯಾರ್ಥಿಗಳು ತಾವೇ ಒಳಗೆ ಹೋಗುತ್ತಿದ್ದಾರೆ. ಎರಡನೆಯ ಕಂಪ್ಯೂಟರಿನಲ್ಲಿ ಮಾತ್ರ ಲಾಗಿನ್ ಪರದೆಯಲ್ಲಿ ಏನೂ ಕೇಳುವುದಿಲ್ಲ, ಒಳಗೆ ಹೋದ ಮೇಲೆ ಕೇಳುತ್ತದೆ. ಸೆಟ್ಟಿಂಗುಗಳು ಎರಡರಲ್ಲೂ ಒಂದೇ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯಲ್ಲಿ ಹುಡುಕಿದೆ, ಎನ್‌ವಿಡಿಎ ಹೆಸರೇ ಇಲ್ಲ.

ತುಂಗಾತೀರ

ಆ ಪಟ್ಟಿಯಲ್ಲಿ ಅದು ಇರುವುದಿಲ್ಲ, ಅದರಿಂದ ಗಾಬರಿಯಾಗಬೇಡಿ. ಎನ್‌ವಿಡಿಎ ಸಾಮಾನ್ಯ ಸ್ಟಾರ್ಟಪ್ ದಾರಿಯಲ್ಲಿ ಬರುವುದಿಲ್ಲ. ವಿಂಡೋಸಿನ ಸಹಾಯಕ ತಂತ್ರಜ್ಞಾನಗಳ ವ್ಯವಸ್ಥೆಯೇ ಅದನ್ನು ಕರೆಯುತ್ತದೆ. ಆ ಯಂತ್ರಕ್ಕೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸಿದ್ದೀರಾ? ಲಾಗಿನ್ ಆಗುವ ಮುನ್ನ ಅದು ಸಂಪರ್ಕಕ್ಕೆ ಬಂದಿರದಿದ್ದರೆ ಎನ್‌ವಿಡಿಎ ಮಾತನಾಡುತ್ತಲೇ ಇರುತ್ತದೆ, ಮಾತು ನಿಮ್ಮ ಕಿವಿಗೆ ಬರುವುದಿಲ್ಲ. ತಂತಿಯ ಹೆಡ್‌ಫೋನ್ ಹಾಕಿ, ಸೈನ್ ಔಟ್ ಮಾಡಿದರೆ ಸಾಲದು, ಯಂತ್ರವನ್ನು ಪೂರ್ತಿ ರೀಸ್ಟಾರ್ಟ್ ಮಾಡಿ ನೋಡಿ. ಪರೀಕ್ಷಿಸುವಾಗ ಮಾನಿಟರನ್ನು ಆಫ್ ಮಾಡಿಬಿಡಿ. ಕಣ್ಣು ಕಾಣುವವರು ತಮಗೆ ಗೊತ್ತಿಲ್ಲದೆಯೇ ಪರದೆ ನೋಡಿ ಮುಂದೆ ಹೋಗುತ್ತಾರೆ, ಎಲ್ಲಿ ದನಿ ತಪ್ಪಿತೆಂಬುದು ಅವರ ಗಮನಕ್ಕೇ ಬರುವುದಿಲ್ಲ.

ಹಾವೇರಿ ಮೇಷ್ಟ್ರು

ಬ್ಲೂಟೂತೇ ಕಾರಣ. ತಂತಿಯದು ಹಾಕಿದ ಮೇಲೆ ಸರಿಯಾಯಿತು. ಕೊನೆಯದೊಂದು ಪ್ರಶ್ನೆ: ಮುಂದೆ ಯಾರಾದರೂ ದನಿಯ ವೇಗ ಬದಲಿಸಿದರೆ ಲಾಗಿನ್ ಪರದೆಯಲ್ಲಿಯೂ ಬದಲಾಗುತ್ತದೆಯೇ?

ಕೀಲಿಗೊಂಚಲು

ಆಗುವುದಿಲ್ಲ. ಆ ಗುಂಡಿ ಒತ್ತಿದ ಕ್ಷಣದಲ್ಲಿ ಉಳಿಸಿದ್ದ ಸೆಟ್ಟಿಂಗುಗಳಷ್ಟೇ ನಕಲಾಗುತ್ತವೆ. ವಿದ್ಯಾರ್ಥಿಗಳು ತಮ್ಮ ಖಾತೆಯೊಳಗೆ ಏನು ಬದಲಿಸಿಕೊಂಡರೂ ಲಾಗಿನ್ ಪರದೆ ಹಾಗೆಯೇ ಇರುತ್ತದೆ, ಹಲವರು ಬಳಸುವ ಯಂತ್ರದಲ್ಲಿ ಅದೇ ಒಳ್ಳೆಯದು. ಅಲ್ಲಿಯೇ ಬದಲಿಸಬೇಕೆಂದರೆ ನೀವು ಮಾಡಿದ ಆ ಪ್ರತ್ಯೇಕ ಖಾತೆಗೆ ಹೋಗಿ, ಬದಲಿಸಿ, ಉಳಿಸಿ, ಗುಂಡಿಯನ್ನು ಮತ್ತೆ ಒತ್ತಿ. ಆ ಖಾತೆಯ ಪಾಸ್‌ವರ್ಡನ್ನು ಗ್ರಂಥಪಾಲಕರಿಗೂ ತಿಳಿಸಿರಿ, ನೀವು ವರ್ಗವಾಗಿ ಹೋದರೆ ಮುಂದಿನವರು ಪರದಾಡಬಾರದು.

ಹಾವೇರಿ ಮೇಷ್ಟ್ರು

ಗ್ರಂಥಾಲಯದ ದಾಖಲೆ ಪುಸ್ತಕದಲ್ಲಿ ಎಲ್ಲ ಹೆಜ್ಜೆಗಳನ್ನೂ ಬರೆದಿಡುತ್ತೇನೆ. ಯೂನಿಕೋಡ್‌ನಲ್ಲಿ ಟೈಪಿಸಿದ ಪ್ರತಿಯನ್ನೂ ಇಡುತ್ತೇನೆ, ಕಡತಯಜ್ಞರು ಬೇಸರಿಸಬಾರದು.